ಹಾಳುಗುಂಡಿಯ ನಕ್ಷೆ

ನಮ್ಮೂರಿಗೆ ಬಂದವರು ಮೀನು ಎಲ್ಲಿದೆ ಎಂದು ಕೇಳಬಾರದು. ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕೂರಿಸುತ್ತಾರೆ, ಎಳನೀರು ಕೆತ್ತಿ ಕೊಡುತ್ತಾರೆ, ಆಮೇಲೆ ಕೈಚಾಚಿ ಉತ್ತರವನ್ನೂ ಹೇಳುತ್ತಾರೆ. ತೊಂದರೆ ಇರುವುದೇ ಆ ಉತ್ತರದಲ್ಲಿ. ನಲವತ್ತಮೂರು ಮನೆಗಳ ನಲವತ್ತಮೂರು ಉತ್ತರಗಳನ್ನು ಹನ್ನೆರಡು ದಿನ ಕೂತು ಕೈಯಾರೆ ಬರೆದವಳು ನಾನು, ಬಾಲವಾಡಿಯ ಟೀಚರು ವಾರಿಜಾ. ಅದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಬರೆಯುವಾಗಲೇ ನನಗದು ಗೊತ್ತಿತ್ತು.

ನಮ್ಮದು ಹನ್ನೊಂದು ದ್ವೀಪಗಳ ಊರು. ದೊಡ್ಡ ದ್ವೀಪದಲ್ಲಿ ಮನೆಗಳು, ಉಳಿದವುಗಳಲ್ಲಿ ತೆಂಗು, ದೀವಿಹಲಸು, ಆಡುಗಳು. ಇಲ್ಲಿನ ನೀರಿನಲ್ಲಿ ಇಂಥ ಕಡೆ ಮೀನಿದೆ ಎಂದು ಬಾಯಿಬಿಟ್ಟು ಹೇಳಿದರೆ, ಮುಂದಿನ ಉಬ್ಬರ ಮುಗಿಯುವಷ್ಟರಲ್ಲಿ ಮೀನು ಅಲ್ಲಿಂದ ಜಾಗ ಖಾಲಿ ಮಾಡುತ್ತದೆ. ಗುಡ್ಡದ ಮೇಲೆ ನಿಂತು ಕೂಗಿದರೂ ಅಷ್ಟೇ, ಒಲೆಯ ಮುಂದೆ ಪಿಸುಗುಟ್ಟಿದರೂ ಅಷ್ಟೇ. ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ಮದುವೆಯಾಗಿ ಸಮುದ್ರದಿಂದ ಮೂರು ದಿನದ ದಾರಿಯಾಚೆಗೆ ಹೋದವಳು, ಗಂಡನ ಹತ್ತಿರ ತವರಿನ ಬಂಡೆಯ ಮುರುಮೀನನ್ನು ಹೊಗಳಿದಳಂತೆ. ಆ ಸಂಜೆಯೇ ಬಂಡೆ ಬರಿದು. ಅಪ್ಪ ಅಮ್ಮ ಎರಡು ವರ್ಷ ಅವಳ ಕಾಗದಕ್ಕೆ ಉತ್ತರ ಬರೆಯಲಿಲ್ಲ.

ಬೈದರೆ ಮಾತ್ರ ಮೀನು ನಿಲ್ಲುತ್ತದೆ. ಅದಕ್ಕೇ ನಮ್ಮಲ್ಲಿ ಮೀನು ತುಂಬಿದ ಜಾಗಗಳಿಗೆಲ್ಲ ಬರಗೆಟ್ಟಬಂಡೆ, ಶನಿಯೋಣಿ, ಹಾಳುಗುಂಡಿ ಎಂಬಂಥ ಹೆಸರು. ಏಡಿಯೂ ತಿರುಗಿ ನೋಡದ ಕೆಸರುಬಯಲಿಗೆ ಲಕ್ಷ್ಮೀತೀರವೆಂದು ಹೆಸರು. ಬೈಗುಳದ ಅಳತೆಯೇ ಮೀನಿನ ಅಳತೆ. ಬರೀ "ಹಾಳು" ಎಂದರೆ ಒಂದು ಬುಟ್ಟಿ ಸಿಕ್ಕೀತು. "ಅದರ ಮುಖಕ್ಕೆ ಬೆಂಕಿ ಹಾಕ" ಎಂದರೆ ದೋಣಿಯ ಅರ್ಧ ತುಂಬೀತು. ಮನೆಯ ಹಿರಿಯ ಬೆಳಿಗ್ಗೆ ಎದ್ದವನೇ ಒಂದು ಬಂಡೆಯ ಏಳು ತಲೆಮಾರನ್ನು ಹಿಡಿದು ಜಾಲಾಡತೊಡಗಿದರೆ, ಮಗ ಏನೂ ಕೇಳದೆ ದೊಡ್ಡ ಬಲೆಯನ್ನು ಹೆಗಲಿಗೇರಿಸುತ್ತಾನೆ. ತಂದೆಯಿಂದ ಮಗನಿಗೆ ವಿದ್ಯೆ ದಾಟುವುದು ಹೀಗೆ.

ಇದು ಮೀನಿಗಷ್ಟೇ ನಿಂತಿದ್ದರೆ ನನಗೇನೂ ಬೇಸರವಿರಲಿಲ್ಲ. ಆದರೆ ದಿನವಿಡೀ ಹಾಗೆ ಮಾತಾಡಿದ ನಾಲಿಗೆ ಮನೆಗೆ ಬಂದ ಮೇಲೆ ನೆಟ್ಟಗಾಗುತ್ತದೆಯೆ? ನನ್ನ ಮಾವ ಐತಪ್ಪ ತಂಡೇಲರು, ಎಂದರೆ ಊರಿನ ದೋಣಿಗಳಿಗೆಲ್ಲ ಹಿರಿಯ ಯಜಮಾನರು, ನಾನು ಸೊಸೆಯಾಗಿ ಹೊಸ್ತಿಲು ದಾಟಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂಥ ಕೊರಡು ತಂದದ್ದು ಮಾರಾಯ ಇದು," ಎಂದಿದ್ದರು. ಹದಿನೆಂಟು ವರ್ಷವಾಯಿತು. ಸಾರು ಮೂರು ಸಲ ಹಾಕಿಸಿಕೊಂಡು ಉಂಡು, "ನಾಯಿ ಸಹ ಮುಟ್ಟುದಿಲ್ಲ," ಎಂದು ಕೈತೊಳೆಯುತ್ತಾರೆ. ಅದು ಪ್ರೀತಿಯಂತೆ. ಹೊಗಳಿದರೆ ಎಲ್ಲಿ ಹೋಗಿಬಿಡುತ್ತಾಳೋ ಎಂಬ ಹೆದರಿಕೆಯಂತೆ. ಊರಿನ ಹೆಂಗಸರೆಲ್ಲ ಹಾಗೆಂದು ಸಮಾಧಾನ ಹೇಳುತ್ತಾರೆ. ನನಗಂತೂ ಆ ಪ್ರೀತಿ ಸಾಕಾಗಿ ಹೋಗಿತ್ತು. ಒಂದೇ ಒಂದು ದಿನ ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ಸಿಕ್ಕರೆ ಅವನ ಕಾಲು ತೊಳೆದೇನು ಅನ್ನಿಸುತ್ತಿತ್ತು.

ಅಂಥ ಮನುಷ್ಯ ಬಂದೂಬಿಟ್ಟರು. ಮಹಾರುದ್ರಪ್ಪ ಎಂದು ಹೆಸರು. ಜೋಳ ಬೆಳೆಯುವ ಬಯಲುಸೀಮೆಯವರು, ಹುಟ್ಟಿದಾಗಿಂದ ಮೀನು ಬಾಯಿಗಿಟ್ಟವರಲ್ಲ. ಅಂಥವರನ್ನು ಹನ್ನೊಂದು ದ್ವೀಪಗಳ ಸುತ್ತ ಯಾವ ಮೀನು ಎಲ್ಲೆಲ್ಲಿ ವಾಸವಾಗಿದೆ ಎಂದು ನಕ್ಷೆ ಬರೆಯಲು ಇಲಾಖೆ ಕಳಿಸಿತ್ತು. ಸುರುಳಿ ಕಾಗದ, ಹನ್ನೆರಡು ಬಣ್ಣದ ಪೆನ್ಸಿಲು, ತಳಕ್ಕೆ ಗಾಜು ಕೂರಿಸಿದ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಇಳಿದರು. ಪೆಟ್ಟಿಗೆಯನ್ನು ನೀರಿಗೊತ್ತಿ ಮೇಲಿಂದ ನೋಡಿದರೆ ಸಮುದ್ರದ ತಳ ಕಾಣುತ್ತದೆ. ನನ್ನ ಅಕ್ಷರ ದುಂಡಗಿದೆ ಎಂದು ನನ್ನನ್ನೇ ಸಹಾಯಕ್ಕೆ ಕರೆದುಕೊಂಡರು.

"ಅಕ್ಕಾರ, ನಾನು ಸಮುದ್ರ ನೋಡಿದ್ದು ಇದ ಮೊದಲನೇ ಸಲ," ಎಂದರು. "ನನಗ ತಿಳೀದಿದ್ರ ತಿಳಿಸಿ ಹೇಳ್ರಿ. ಮನಿ ಮನಿಗೆ ಹೋಗಿ ಕೇಳೋಣು. ಮಂದಿ ಸುಳ್ಳ ಯಾಕ ಹೇಳ್ತಾರ?"

ಆಗಲೇ ನಾನು ಏನಾದರೂ ಹೇಳಬಹುದಿತ್ತು. ಆದರೆ ಏನು ಹೇಳುವುದು? ನಮ್ಮವರು ಸುಳ್ಳು ಹೇಳುತ್ತಾರೆ ಎಂದರೆ ನಿಜ ಯಾವುದು ಎಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಪೆನ್ನು ತೆಗೆದೆ.

ಹನ್ನೆರಡು ದಿನ. ಪ್ರತಿ ಮನೆಯಲ್ಲೂ ಅದೇ ಎಳನೀರು, ಅದೇ ಚಾಪೆ. ಅವರು ಒಂದೊಂದೇ ಜಾಗದ ಹೆಸರು ಹೇಳುವುದು, ಮನೆಯವರು ಉತ್ತರಿಸುವುದು, ನಾನು ಉದ್ದಕ್ಕೆ ಗೆರೆ ಎಳೆದ ಕಾಗದದಲ್ಲಿ ಉಂಟು, ಇಲ್ಲ ಎಂದು ತುಂಬುವುದು. ಲಕ್ಷ್ಮೀತೀರದ ಕೆಸರುಬಯಲಿನಲ್ಲಿ ಮೀನು ಉಂಟೆ? "ಬೇಕಾದಷ್ಟುಂಟು ಸಾರ್, ಕೈಯಲ್ಲಿ ಹಿಡೀಬಹುದು." ಹಾಳುಗುಂಡಿಯಲ್ಲಿ? "ಥೂ! ಅದರ ಹೆಸರು ಎತ್ತಬೇಡಿ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ. ಒಂದು ಗೊಜ್ಜಿಗೆ ಆಗುವಷ್ಟು ಸಹ ಇಲ್ಲ." ಹಾಳುಗುಂಡಿಯ ಮಾತು ಬಂದಾಗ ಎಲ್ಲರಿಗೂ ಒಂದು ಉತ್ಸಾಹ. ನಮ್ಮ ಮಾವನಂತೂ ಅರ್ಧ ಗಂಟೆ ಬೈದು, ನೀರು ಕುಡಿದು, ಮತ್ತೆ ಬೈದರು. ನಲವತ್ತಮೂರು ಮನೆಯಲ್ಲಿ ನಲವತ್ತಮೂರು "ಇಲ್ಲ". ಗಾಜಿನ ಪೆಟ್ಟಿಗೆ ಹಿಡಿದು ಸ್ವತಃ ನೋಡಲು ಹೊರಟ ಮಹಾರುದ್ರಪ್ಪನವರನ್ನು ಪೂರ್ತಿ ಇಳಿತದ ಹೊತ್ತು ನೋಡಿ, ಮೀನೆಲ್ಲ ಬಿಲ ಸೇರಿದ ಮೇಲೆ ಕರೆದುಕೊಂಡು ಹೋದರು. ಸಾಲದ್ದಕ್ಕೆ ಹುಟ್ಟಿನಿಂದ ತಳದ ಮರಳು ಕಲಕಿದರು. ನನ್ನ ಗಂಡ ಶೀನನೇ ಅವತ್ತು ದೋಣಿ ನಡೆಸಿದ್ದು. ಮನೆಗೆ ಬಂದು, "ಪಾಪ, ಒಳ್ಳೆ ಜನ," ಎಂದು ಮರುಗಿದ ಬೇರೆ.

ನಕ್ಷೆಯಲ್ಲಿ ಹಾಳುಗುಂಡಿ ಬೋಳು ಬೆಳ್ಳಗೆ ಉಳಿಯಿತು. ಅವರು ಹೋದರು. ಊರಿನಲ್ಲಿ ಒಂದು ವಾರ ಅದೇ ನಗು. ಸರ್ಕಾರಕ್ಕೇ ಟೋಪಿ ಹಾಕಿದೆವೆಂದು ಜಗಲಿ ಜಗಲಿಗಳಲ್ಲಿ ತೊಡೆ ತಟ್ಟಿಕೊಂಡರು. ನಾನೂ ಸ್ವಲ್ಪ ನಕ್ಕೆ, ಸುಳ್ಳೇಕೆ ಹೇಳಲಿ.

ಒಂದೂವರೆ ತಿಂಗಳಿಗೆ ಮಹಾರುದ್ರಪ್ಪ ಮತ್ತೆ ಬಂದರು, ಮುಖ ಅರಳಿಸಿಕೊಂಡು. ಬಾಲವಾಡಿಯಲ್ಲಿ ಊರಿನವರನ್ನೆಲ್ಲ ಸೇರಿಸಿ ಗೋಡೆಗೆ ನಕ್ಷೆ ಅಂಟಿಸಿದರು. ದ್ವೀಪಗಳ ನಡುವೆ ದೊಡ್ಡ ಹಡಗು ಹೋಗಲು ದಾರಿ ಮಾಡುತ್ತಾರಂತೆ. ತಳದ ಬಂಡೆಗಳನ್ನು ಮದ್ದಿಟ್ಟು ಒಡೆದು, ಮರಳು ತೋಡಿ, ಆಳ ಮಾಡುತ್ತಾರಂತೆ. ಎಲ್ಲಿ ಮಾಡಬೇಕೆಂದು ಮೇಲಿನವರು ಯೋಚಿಸುವಾಗ ಇವರ ನಕ್ಷೆ ನೋಡಿದರಂತೆ.

"ಲಕ್ಷ್ಮೀತೀರದಾಗ ತೋಡ್ತೀವಿ ಅಂದ್ರು," ಎಂದರು ಅವರು. "ನಾನು ಬಿಡಲಿಲ್ರಿ. ಅಲ್ಲೆ ಮೀನ ಭಾಳ ಅದ, ಮಂದಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಅಂತ ಜಗಳಾ ಮಾಡಿದೆ. ಕಡೀಕ ನೋಡ್ರಿ, ಇಲ್ಲೆ." ಹಾಳುಗುಂಡಿಯ ಬಿಳಿ ಜಾಗದ ಮೇಲೆ ಬೆರಳಿಟ್ಟರು. "ನಲವತ್ತಮೂರಕ್ಕ ನಲವತ್ತಮೂರು ಮಂದಿ ಏನೂ ಇಲ್ಲ ಅಂದ ಜಾಗ. ಯಾರಿಗೂ ತ್ರಾಸಿಲ್ಲ."

ಅವರು ಚಪ್ಪಾಳೆಗೆ ಕಾದರು. ಕೊನೆಗೆ ಹಿಂದಿನಿಂದ ಯಾರೋ, ನಾಲಿಗೆಗೆ ಬೇರೆ ದಾರಿಯೇ ಗೊತ್ತಿಲ್ಲದೆ, "ಹೌದೌದು, ಅಲ್ಲಿ ಎಂತ ಉಂಟು ಮಣ್ಣು," ಎಂದರು. ನನಗೆ ಎದ್ದು ಹೋಗಿ ಆ ಬಾಯಿಗೆ ಬಡಿಯಬೇಕೆನ್ನಿಸಿತು.

ತಕರಾರಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು ಎಂದರು ಮಹಾರುದ್ರಪ್ಪ. ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಅದನ್ನು ಬರೆದು ಗಟ್ಟಿಯಾಗಿ ಓದಿ ಕೇಳಿಸಬೇಕು, ಹೇಳಿದವರು ಸಹಿ ಹಾಕಬೇಕು. ಹದಿನೈದನೆಯ ದಿನ ಅವರೇ ಬರುತ್ತಾರೆ. ಆಮೇಲೆ ಅವರ ಕೈಯಲ್ಲೂ ಏನಿಲ್ಲ.

ಹಾಳುಗುಂಡಿ ಎಂದರೆ ನಮ್ಮ ದೊಡ್ಡ ದ್ವೀಪವೂ ಪಕ್ಕದ್ದೂ ತೋಳು ಬಳಸಿ ಹಿಡಿದಂತಿರುವ ತಿಳಿನೀರು, ಸುತ್ತ ಹವಳದ ದಿಬ್ಬ. ಹೊರಗೆ ಸಮುದ್ರ ಬುಸುಗುಟ್ಟುವ ತಿಂಗಳುಗಳಲ್ಲೂ ಅಲ್ಲಿ ಅಲೆಯಿಲ್ಲ. ನಮ್ಮ ದೋಣಿಗಳೆಲ್ಲ ಸಣ್ಣವು, ಶೀನನದಂತೂ ಇಬ್ಬರು ಕೂತರೆ ಮೂರನೆಯವನಿಗೆ ಜಾಗವಿಲ್ಲ. ಬರಗೆಟ್ಟಬಂಡೆ, ಶನಿಯೋಣಿ ಎಲ್ಲ ದಿಬ್ಬದಾಚೆ. ಗುಂಡಿಯಿಲ್ಲದಿದ್ದರೆ ಅವನು ದಿಬ್ಬ ದಾಟಿ ಹೊರಸಮುದ್ರಕ್ಕೆ ಹೋಗಬೇಕು. ಆ ದೋಣಿಯಲ್ಲಿ ಹೊರಸಮುದ್ರಕ್ಕೆ ಹೋದವರ ಹೆಂಡತಿಯರಲ್ಲಿ ಮೂವರು ನಮ್ಮ ಸಾಲಿನಲ್ಲೇ ವಿಧವೆಯರು. ನನಗೆ ಬೇಕಾದದ್ದು ಇಷ್ಟೆ: ಗುಂಡಿ ಉಳಿಯಬೇಕು, ಗಂಡ ಸಂಜೆ ಮನೆಗೆ ಬರಬೇಕು.

ಹದಿನೈದು ದಿನವೂ ಚರ್ಚೆ. ಚರ್ಚೆ ಅನ್ನಬೇಕೋ ತಲೆನೋವು ಅನ್ನಬೇಕೋ. ಹೇಳಿದರೆ ಮೀನು ಹೋಗುತ್ತದೆ. ಹೇಳದಿದ್ದರೆ ಗುಂಡಿಯೇ ಹೋಗುತ್ತದೆ. ಇಷ್ಟು ಸರಳವಾದದ್ದನ್ನು ಬಿಡಿಸಿ ಹೇಳಲು ನಾನು ಮನೆಮನೆಗೆ ಅಲೆದೆ. ಒಬ್ಬರು, ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದುಕೊಟ್ಟರೆ ಹೇಗೆ, ಮೀನಿಗೆ ಓದಲು ಬರುತ್ತದೆಯೇ ಎಂದು ಮೂರು ದಿನ ವಾದಿಸಿದರು. ಗಟ್ಟಿಯಾಗಿ ಓದಬೇಕೆಂದು ಮಹಾರುದ್ರಪ್ಪ ಹೇಳಿದ್ದನ್ನು ಮೂರು ದಿನವೂ ನೆನಪಿಸಿದೆ. ಇನ್ನೊಬ್ಬರು, ಸನ್ನೆ ಮಾಡಿದರೆ ಸಾಕು ಎಂದರು. ಮಾವ ಮಾತ್ರ ಜಗಲಿಯಲ್ಲಿ ಬಲೆ ಹೆಣೆಯುತ್ತ ತಲೆಯೆತ್ತಲೇ ಇಲ್ಲ.

"ಮಾವ, ನೀವೊಬ್ಬರು ಹೇಳಿದರೆ ಊರು ಹೇಳುತ್ತದೆ," ಎಂದೆ.

"ಎಂತಕ್ಕೆ ಹೇಳುದು? ಸರ್ಕಾರದ ಕೆಲಸ ಅಲ್ವಾ, ಆಗ್ಲಿಕ್ಕುಂಟಾ? ಊರಿಗೆ ಬಾವಿ ತೋಡ್ತೇವೆ ಅಂತ ಅಳತೆ ಮಾಡಿ ಹೋದವರು ಮತ್ತೆ ಬಂದ್ರಾ?"

"ಬಾವಿ ಬೇರೆ, ಹಡಗು ಬೇರೆ. ಹಡಗಿನವರು ಬರುತ್ತಾರೆ."

"ನನ್ನ ಅಪ್ಪ ಸಾಯುವಾಗ ಸಹ ಬಾಯಿ ಬಿಡ್ಲಿಲ್ಲ, ವಾರಿಜಾ. ನಾನು ಬಿಡುದಾ? ಹೋಗು, ಆ ನಾಯಿ ಮುಟ್ಟದ ಸಾರು ಮಾಡು ಹೋಗು."

ಹದಿನೈದನೆಯ ದಿನ ಹನ್ನೊಂದು ಗಂಟೆಗೆ ಬಾಲವಾಡಿ ತುಂಬಿತು. ಮಹಾರುದ್ರಪ್ಪ ಮೇಜಿನ ಹಿಂದೆ ಕೂತು, "ಯಾರರ ಏನರ ಹೇಳೋದದ ಏನ್ರಿ?" ಎಂದು ಮೂರು ಸಲ ಕೇಳಿದರು. ಒಬ್ಬರು ಸೂರು ನೋಡಿದರು, ಒಬ್ಬರು ಉಗುರು ನೋಡಿಕೊಂಡರು. ಅವರು ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ಸದ್ದಿಗೆ ನನ್ನ ಹದಿನೆಂಟು ವರ್ಷದ ತಾಳ್ಮೆ ಹರಿದುಹೋಯಿತು.

"ಉಂಟು," ಎಂದು ಎದ್ದು ನಿಂತೆ. "ಹಾಳುಗುಂಡಿಯಲ್ಲಿ ಮೀನುಂಟು."

ಹಿಂದಿನ ಸಾಲಿನ ಹೆಂಗಸೊಬ್ಬರು ಅಯ್ಯೋ ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಬಾಯಿ ನಿಲ್ಲಲಿಲ್ಲ. "ಈ ಊರಿನ ನೀರಿನಲ್ಲಿ ಅಷ್ಟು ಮೀನು ಇನ್ನೆಲ್ಲೂ ಇಲ್ಲ. ಬಿಳಿ ಮರಳಿನ ಬದಿಯಲ್ಲಿ ಕಾಣೆಮೀನು. ಹವಳದ ಕೊಂಬೆಗಳ ನಡುವೆ ಕೆಂಬೇರಿ, ಮರಿಯಿಂದ ಮುದುಕನವರೆಗೆ. ಮಳೆ ಬಿಟ್ಟ ಮೇಲೆ ಬೂತಾಯಿ ಎಷ್ಟು ಬರುತ್ತದೆಂದರೆ ನೀರಿನ ಬಣ್ಣವೇ ಬದಲಾಗುತ್ತದೆ. ಹೊರಗಿನ ಮೀನೂ ಮೊಟ್ಟೆಯಿಡಲು ಅಲ್ಲಿಗೇ ಬರುವುದು. ತೆಂಕು ಬಂಡೆಯ ಅಡಿಯಲ್ಲಿ ಮೂರು ಬಿಲ, ಮೂರರಲ್ಲೂ ಮುರುಮೀನು."

"ಮೂರಲ್ಲ, ಐದು!"

ಎಲ್ಲರೂ ತಿರುಗಿದರು. ನಮ್ಮ ಮಾವ ನಿಂತಿದ್ದರು. ಅಷ್ಟು ದೊಡ್ಡ ತಂಡೇಲರಿಗೆ ಸೊಸೆಯ ನಿಜವನ್ನು ತಾಳಿಕೊಳ್ಳಲು ಆಯಿತು, ಅವಳ ತಪ್ಪನ್ನು ತಾಳಿಕೊಳ್ಳಲು ಆಗಲಿಲ್ಲ. ತಮ್ಮ ಬಾಯಿಂದ ಹೊರಬಿದ್ದದ್ದು ತಮಗೇ ತಿಳಿದು ಮುಖ ಬಿಳಿಚಿಕೊಂಡರು. ಆಮೇಲೆ ಒಂದು ಉಸಿರು ಬಿಟ್ಟು, "ಹೇಳಿ ಆಯ್ತಲ್ಲ," ಎಂದು ನಕ್ಷೆಯ ಹತ್ತಿರ ನಡೆದರು. "ಗೊತ್ತಿಲ್ಲದೆ ಬಾಯಿ ಹಾಕ್ತಾಳೆ. ಎರಡು ಬಿಲ ಹಿಂದಿನಿಂದ ಉಂಟು ಸಾರ್, ಮುಳುಗಿದರೆ ಮಾತ್ರ ಕಾಣುದು. ಬಡಗು ಬಂಡೆಯಿಂದ ಏಳು ಮಾರು ಈಚೆ ಒಂದು ಹೊಂಡ ಉಂಟು. ನನ್ನ ಅಪ್ಪನ ಜಾಗ ಅದು. ಅಲ್ಲಿ..." ಅವರು ಎರಡು ತೋಳು ಅಗಲಿಸಿದರು. "ಅಲ್ಲಿ ಒಂದೊಂದು ಕೆಂಬೇರಿ ಇಷ್ಟು ಉದ್ದ ಸಾರ್. ಮಗುವನ್ನು ಎತ್ತಿದ ಹಾಗೆ ಎತ್ತಬೇಕು."

"ಅಪ್ಪಾ, ಅದು ನನಗೇ ಗೊತ್ತಿಲ್ಲ!" ಎಂದ ಶೀನ.

"ನಿನಗೆ ನಾನು ದಿನಾ ಬೈದು ತೋರಿಸಿದ್ದಲ್ವಾ ಮಾರಾಯ, ಕಿವಿ ಎಲ್ಲಿತ್ತು ನಿಂದು?"

ಅಷ್ಟೆ, ಕಟ್ಟೆ ಒಡೆಯಿತು. ಬಾಲವಾಡಿಯಲ್ಲಿದ್ದವರೆಲ್ಲ ಎದ್ದರು. ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಷೆಗೆ ಬೆರಳು ಚುಚ್ಚತೊಡಗಿದರು. ಎಪ್ಪತ್ತು ದಾಟಿದ ಗಿರಿಜಮ್ಮ, ಮದುವೆಯಾದ ಹೊಸತರಲ್ಲಿ ಗಂಡ ತನ್ನನ್ನು ಕರೆದುಕೊಂಡು ಹೋಗಿ ಗಿಳಿಹಸಿರಿನ ಮೀನಿನ ಹಿಂಡು ತೋರಿಸಿದ್ದನ್ನು ಮೊದಲ ಬಾರಿಗೆ ಹೇಳಿದಳು. ಆ ಗಂಡ ಸತ್ತು ಮೂವತ್ತು ವರ್ಷವಾಗಿತ್ತು. ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ತಾವಿಬ್ಬರೂ ಗುಟ್ಟಾಗಿ ಒಂದೇ ಬಂಡೆಗೆ ಹೋಗುತ್ತಿದ್ದುದು ತಿಳಿದು ನಗಲೋ ಹೊಡೆಯಲೋ ಗೊತ್ತಾಗದೆ ನಿಂತರು. "ಒಬ್ಬೊಬ್ಬರ ಹೇಳ್ರಪಾ, ಒಬ್ಬೊಬ್ಬರ!" ಎಂದು ಮಹಾರುದ್ರಪ್ಪ ಕೂಗುತ್ತ ಹನ್ನೆರಡು ಬಣ್ಣವನ್ನೂ ಮುಗಿಸಿದರು. ನಾನು ಎರಡು ಪುಸ್ತಕ ತುಂಬ ಬರೆದೆ. ಆ ಎರಡು ಗಂಟೆಯಷ್ಟು ಸುಖ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ನಿಜ ಹೇಳುವುದೆಂದರೆ ಬೆನ್ನಿನ ಮೇಲಿನ ಹೊರೆ ಇಳಿಸಿದ ಹಾಗೆ ಎಂದು ನನಗೆ ಅವತ್ತು ತಿಳಿಯಿತು.

ಆ ದಿನ ಉಬ್ಬರ ತುಂಬುವುದು ನಾಲ್ಕು ಗಂಟೆಗೆ. ಯಾರೂ ಕರೆಯದೆ ಊರಿಗೂರೇ ಗುಂಡಿಯ ದಡಕ್ಕೆ ನಡೆಯಿತು. ಹೇಳಿದ್ದನ್ನೆಲ್ಲ ಕಣ್ಣಿಂದ ನೋಡಿಯೇ ಷರಾ ಬರೆಯಬೇಕೆಂದು ಮಹಾರುದ್ರಪ್ಪನವರೂ ಶೀನನ ದೋಣಿ ಹತ್ತಿ, ಹೊರಗೆ ಹೋಗುವ ಕಂಡಿಯಲ್ಲಿ ಗಾಜಿನ ಪೆಟ್ಟಿಗೆ ಒತ್ತಿ ಕೂತಿದ್ದರು. ಮೊದಲು ಕಾಣೆ ಹೊರಟವು, ಮರಳಿನದೇ ಬಣ್ಣದಲ್ಲಿ. ಆಮೇಲೆ ಕೆಂಬೇರಿ, ಸಾಲು ಮುರಿಯದೆ. ಮರಿಗಳು ತಾಯಂದಿರ ಹೊಟ್ಟೆಯ ಕೆಳಗೆ. ಯಾವ ಬಲೆಯನ್ನೂ ಲೆಕ್ಕಿಸದ ಮುದಿ ಮುರುಮೀನುಗಳು ಕೊನೆಗೆ ಬಂದವು, ಮನೆ ಬಿಡುವ ಹಿರಿಯರ ಹಾಗೆ ನಿಧಾನವಾಗಿ. ಒಂದು ಗಂಟೆಯ ಮೇಲೆ ನಡೆಯಿತು ಆ ಮೆರವಣಿಗೆ. ನಮ್ಮ ನೀರಿನಲ್ಲಿ ಇಷ್ಟೊಂದಿತ್ತೆಂದು ನಮಗೇ ಗೊತ್ತಿರಲಿಲ್ಲ. ಬಲೆ ಹಾಕುವ ಯೋಚನೆ ಒಬ್ಬರಿಗೂ ಬರಲಿಲ್ಲ. ಮಹಾರುದ್ರಪ್ಪ ದೋಣಿಯಿಂದಿಳಿದು, ಮುಖ ಒರೆಸಿಕೊಂಡು, "ಇಷ್ಟ ಇತ್ತೇನ್ರಿ, ಅಕ್ಕಾರ," ಎಂದರು. ಕಂಡ ಮೀನನ್ನೆಲ್ಲ ಕಂಡಂತೆ ಬರೆದರು. ಹಡಗಿನ ದಾರಿ ಲಕ್ಷ್ಮೀತೀರದ ಕೆಸರಿಗೆ ಹೋಯಿತು.

ಗುಂಡಿ ಉಳಿಯಿತು. ಆದರೆ ಬರಿದೆ. ಒಂದು ವಾರ ಕಳೆದ ಮೇಲೆ ಜನ, ಆಡಿದವರೆಲ್ಲ ಮಾತು ಹಿಂದಕ್ಕೆ ತೆಗೆದುಕೊಂಡರೆ ಮೀನು ಮರಳೀತೆಂದು, ಒಬ್ಬೊಬ್ಬರಾಗಿ ಸಂಜೆ ಗುಂಡಿಯ ದಡಕ್ಕೆ ಹೋಗಿ, ಅವತ್ತು ಸಭೆಯಲ್ಲಿ ಹೇಳಿದ್ದು ಸುಳ್ಳು, ಇಲ್ಲಿ ಏನೂ ಇಲ್ಲ, ಇರಲೂ ಇಲ್ಲ ಎಂದು ನೀರಿಗೆ ಹೇಳಿ ಬರತೊಡಗಿದರು. ಗಿರಿಜಮ್ಮ ಸಹ ಹೋಗಿ, ಗಂಡ ತನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ ಎಂದು ಹೇಳಿ ಬಂದಳು. ನಲವತ್ತಮೂರು ಮನೆಯಲ್ಲಿ ಮಾತು ಹಿಂದಕ್ಕೆ ತೆಗೆದುಕೊಳ್ಳದವಳು ನಾನೊಬ್ಬಳೇ. ಏಳು ತಿಂಗಳಾದರೂ ಮೀನು ತಿರುಗಿ ನೋಡಲಿಲ್ಲ. ದೀವಿಹಲಸು ಬೇಯಿಸಿ ತಿಂದೆವು, ಬಂಡೆಯ ಚಿಪ್ಪು ಕೆರೆದು ತಿಂದೆವು, ಕೊನೆಗೆ ಮೀನುಗಾರರ ಊರಿಗೆ ಹೊರಗಿನಿಂದ ಒಣಮೀನಿನ ಮೂಟೆ ಬಂತು. ಜನರ ಕಣ್ಣು ನನ್ನ ಮೇಲೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದಂತೂ ಈ ಊರಿನ ಹಣೆಬರಹ. ನಾನೂ ಹಟ ಹಿಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಒಂದೇ ಒಂದು ಸಲ. ಅದನ್ನೂ ತಿನ್ನಬೇಕೆ? ಗುಂಡಿ ಉಳಿಸಿದ್ದು ಯಾವ ಮಾತು, ಆ ಮಾತನ್ನೇ ಸುಳ್ಳೆನ್ನಬೇಕೆ? ನಾನು ಹೇಳುವುದಿಲ್ಲ ಎಂದರೆ ಹೇಳುವುದಿಲ್ಲ. ಶೀನ ಆ ಪುಟ್ಟ ದೋಣಿಯಲ್ಲಿ ದಿಬ್ಬ ದಾಟಿ ಹೋಗತೊಡಗಿದ.

ಮೊಹರು ಬಿದ್ದ ನಕ್ಷೆ ಹಿಡಿದು ಮಹಾರುದ್ರಪ್ಪ ಬಂದ ದಿನ, ಶೀನ ಹೊರಸಮುದ್ರಕ್ಕೆ ಹೋಗಿ ಎರಡು ದಿನವಾಗಿತ್ತು. ನಾನು ಗುಂಡಿಯ ದಡ ಬಿಟ್ಟು ಏಳಲಿಲ್ಲ. ಅವರು ನಕ್ಷೆಯನ್ನು ಅಲ್ಲಿಗೇ ತಂದು, ಮಗುಚಿ ಹಾಕಿದ ದೋಣಿಯ ಮೇಲೆ ಹರಡಿದರು. ಹಾಳುಗುಂಡಿ ಬಣ್ಣಗಳಿಂದ ತುಂಬಿತ್ತು. ಐದು ಬಿಲಗಳೂ ಇದ್ದವು. ಕೆಳಗೆ ಅಚ್ಚಿನಲ್ಲಿ ನನ್ನ ಹೆಸರಿತ್ತು.

"ಇಂಥಾ ಚಲೋ ನಕ್ಷೆ ನಮ್ಮ ಇಲಾಖೆದಾಗ ಇನ್ನೊಂದಿಲ್ರಿ, ಅಕ್ಕಾರ," ಎಂದರು. "ನೀವು ಅವತ್ತು ಎದ್ದು ನಿಂತ್ರಿ, ಅದಕ್ಕ ಆತು."

ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹೇಳಿದ್ದೆಲ್ಲ ನಿಜವೆಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಕಣ್ಣು ಸಮುದ್ರದ ಮೇಲೆಯೇ ಇತ್ತು.

ಮಧ್ಯಾಹ್ನಕ್ಕೆ ದೋಣಿ ಕಾಣಿಸಿತು. ಹುಟ್ಟು ಮುರಿದಿತ್ತು. ಶೀನ ಒಂದು ಹಲಗೆಯಿಂದ ನೀರು ತಳ್ಳುತ್ತ ಬರುತ್ತಿದ್ದ, ಎಡಗೈಗೆ ಅಂಗಿ ಸುತ್ತಿಕೊಂಡಿದ್ದ, ಅಂಗಿ ಪೂರ್ತಿ ಕೆಂಪಾಗಿತ್ತು. ನಾಲ್ಕು ಜನ ಎತ್ತಿ ಇಳಿಸಿದರು. ದೋಣಿಯಲ್ಲಿ ಒಂದು ಬಂಗುಡೆಯೂ ಇರಲಿಲ್ಲ. ಅವನು ನನ್ನ ಮುಖ ನೋಡಿ, "ಎಂತ ಆಗ್ಲಿಲ್ಲ, ನಾಡಿದ್ದು ಮತ್ತೆ ಹೋಗ್ಬಹುದು," ಎಂದ.

ಮಾವ ಮಗನ ಕೈ ನೋಡಿದರು. ಆಮೇಲೆ ನನ್ನೆದುರು ಬಂದು ನಿಂತರು. ಬೈಯುತ್ತಾರೆಂದು ಕಾದೆ. ಅವರು ಎರಡೂ ಕೈ ಜೋಡಿಸಿದರು. "ವಾರಿಜಾ," ಎಂದರು, "ನೀನು ಹೇಳಿದ್ದು ನಿಜ. ನೀನು ಹೇಳಿದ್ದಕ್ಕೇ ಗುಂಡಿ ಉಳಿದದ್ದು. ಇನ್ನು ಅದು ಸುಳ್ಳು ಅಂತ ಹೇಳು ಮಗಾ. ನಿನಗೆ ಕೈ ಮುಗಿತೇನೆ."

ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದದ್ದಿಲ್ಲ. ಅವರ ಮೇಲೆ, ಮೀನಿನ ಮೇಲೆ, ಈ ಹಾಳು ಊರಿನ ಮೇಲೆ. ಹದಿನೆಂಟು ವರ್ಷ ಕಾದ ಒಳ್ಳೆಯ ಮಾತು ಸಿಕ್ಕಿದ್ದು ಇಂಥ ಹೊತ್ತಿನಲ್ಲೆ? ಮಹಾರುದ್ರಪ್ಪನವರ ಕಡೆ ನೋಡಿದೆ. ಅವರ ಕಂಕುಳಲ್ಲಿ ನಕ್ಷೆ, ಅದರಲ್ಲಿ ಅವತ್ತಷ್ಟೇ ಹಾಕಿದ ನನ್ನ ಸಹಿ. ಅವರಿಗೆ ಎಲ್ಲ ಅರ್ಥವಾಗಿತ್ತು. "ಏನ ಗಾಳಿರಿ ಇದು," ಎಂದು ಟವೆಲನ್ನು ಎರಡೂ ಕಿವಿ ಮುಚ್ಚುವಂತೆ ತಲೆಗೆ ಬಿಗಿದುಕೊಂಡು, ಬೆನ್ನು ತಿರುಗಿಸಿ ಕೂತರು. "ನನಗ ಒಂದೂ ಕೇಳವಲ್ದು."

ಗಾಳಿ ಬೀಸುತ್ತಿರಲಿಲ್ಲ.

ಸೀರೆ ಎತ್ತಿ ಕಟ್ಟಲೂ ಇಲ್ಲ. ಹಾಗೇ ನಡೆದು ಗುಂಡಿಯ ನೀರಿನಲ್ಲಿ ಸೊಂಟದವರೆಗೆ ಇಳಿದೆ. ಕಾಲಿನ ಸುತ್ತ ಒಂದು ಮರಿಯೂ ಇಲ್ಲದ ತಿಳಿನೀರು. "ನಾನು ಹೇಳಿದ್ದು ಸುಳ್ಳು," ಎಂದೆ. ಧ್ವನಿ ಏಳಲಿಲ್ಲ. ಮತ್ತೆ ಕೂಗಿದೆ. "ಕೇಳ್ತಾ? ನಾನು ಹೇಳಿದ್ದೆಲ್ಲ ಸುಳ್ಳು! ಇಲ್ಲಿ ಕಾಣೆ ಇರಲಿಲ್ಲ. ಕೆಂಬೇರಿ ಇರಲಿಲ್ಲ. ಬೂತಾಯಿ ಬಂದು ನೀರಿನ ಬಣ್ಣ ಬದಲಾಗಿರಲಿಲ್ಲ. ನಾನು ಯಾವತ್ತೂ ಇಲ್ಲಿ ನಿಂತು ನೋಡಿರಲಿಲ್ಲ. ಇದು ಹಾಳುಗುಂಡಿ, ದರಿದ್ರ ಗುಂಡಿ, ಇದರ ಮುಖಕ್ಕೆ ಬೆಂಕಿ ಬೀಳಲಿ!" ಅಳು ಬಂತು. ಅಳುತ್ತಲೇ ಬೈದೆ, ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಗಂಟಲು ಬಿದ್ದುಹೋಗುವವರೆಗೆ.

ದಡಕ್ಕೆ ಬಂದಾಗ ಮಾವ ಕೈಹಿಡಿದು ಮೇಲಕ್ಕೆಳೆದುಕೊಂಡರು. ಊರಿಗೆಲ್ಲ ಕೇಳುವಂತೆ, ನೀರಿಗೂ ಕೇಳುವಂತೆ, "ಸುಳ್ಳುಬುರುಕಿ," ಎಂದರು. ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಹೌದು ಮಾವ," ಎಂದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿಲ್ಲ.